ಎಂಜಿನ್ ಬೋರಿಗೆ ಬಂದಿದೆ: ಕಟ್ಟಿಸುವುದೋ, ಬದಲಿಸುವುದೋ?

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಎಲ್ಲವೂ ಹಳೇ ಲಾರಿಗಳ ಎಂಜಿನ್ ಬಗ್ಗೆಯೇ. ಬೋರಿಗೆ ಬಂತು ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದಿದೆ ಎಂದರ್ಥ; ಕಟ್ಟಿಸುವುದು ಎಂದರೆ ಅದೇ ಎಂಜಿನ್ ಬಿಚ್ಚಿ ಸವೆದದ್ದನ್ನು ಹೊಸದು ಮಾಡಿಸುವುದು. ಒಂದೇ ಥರದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಹಳೇ ಟಾಟಾ ಲಾರಿ. 697 ಎಂಜಿನ್, ಟರ್ಬೊ ಇಲ್ಲ. ಎಸ್ಟೇಟುಗಳಿಂದ ಸಿಲ್ವರ್ ಓಕ್ ಮರ, ಸೀಸನ್ನಿನಲ್ಲಿ ಕಾಫಿ ಮೂಟೆ ಹೊಡೆಯುತ್ತೇವೆ. ಶಿರಾಡಿ ಹತ್ತುವಾಗ ಪಿಕಪ್ ಇಲ್ಲ, ಕಪ್ಪು ಹೊಗೆ. ತಿಂಗಳಿಗೆ 600 ಲೀಟರ್ ಡೀಸೆಲ್ಲಿಗೆ 7 ಲೀಟರ್ ಆಯಿಲ್ ಮೇಲಿಂದ ಹಾಕಬೇಕಾಗಿದೆ. ಒಬ್ಬ ಮೆಕ್ಯಾನಿಕ್ ಪೂರ್ತಿ ಕೆಲಸಕ್ಕೆ 1.60 ಲಕ್ಷ ಹೇಳಿದರು. ಇನ್ನೊಬ್ಬರು ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು 1.10 ಲಕ್ಷಕ್ಕೆ ಕೂರಿಸಿ ಕೊಡುತ್ತೇನೆ ಅನ್ನುತ್ತಾರೆ. ಯಾವುದು ಮೇಲು?
– ಸಕಲೇಶಪುರದ ಓದುಗರು

ಉತ್ತರ: ಇಬ್ಬರೂ ಏನನ್ನೂ ಅಳೆಯದೆ ರೇಟು ಹೇಳಿದ್ದಾರೆ. ಹಾಗಾಗಿ ಈಗಲೇ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ನೀವು ಬರೆದ ಲಕ್ಷಣಗಳಲ್ಲಿ ಬೋರಿನ ಕಡೆ ಬೆರಳು ತೋರಿಸುವುದು ಆಯಿಲ್ ಒಂದೇ. ಕಪ್ಪು ಹೊಗೆ, ಪಿಕಪ್ ಇಲ್ಲದಿರುವುದು ಎಂಜಿನ್ ಬಿಚ್ಚದೆಯೂ ಸರಿಹೋಗಬಹುದು. ಏರ್ ಫಿಲ್ಟರ್ ಕಟ್ಟಿದ್ದರೆ, ಡೀಸೆಲ್ ಸಿಂಪಡಿಸುವ ನಾಝಲ್ ತೊಟ್ಟಿಕ್ಕುತ್ತಿದ್ದರೆ, ಡೀಸೆಲ್ ಪಂಪಿನ ಟೈಮಿಂಗ್ ಹಿಂದೆ ಬಿದ್ದಿದ್ದರೆ ಇದೇ ಹೊಗೆ ಬರುತ್ತದೆ. ಜೊತೆಗೆ ಘಟ್ಟದ ಲೆಕ್ಕವೂ ಒಂದಿದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನಿಗೆ ಅಷ್ಟು ಗಾಳಿ ಕಡಿಮೆ ಸಿಗುತ್ತದೆ, ಆದರೆ ಪಂಪು ಡೀಸೆಲ್ಲನ್ನು ಅಷ್ಟೇ ಹೊಡೆಯುತ್ತದೆ. ಪಂಪನ್ನು ಕರಾವಳಿಯಲ್ಲಿ ಕಟ್ಟಿಸಿ, ಪಿಕಪ್ ಬರಲಿ ಎಂದು ಡೀಸೆಲ್ ಜಾಸ್ತಿ ಮಾಡಿಸಿದ್ದರೆ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಹೊಗೆ ಖಂಡಿತ. ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ. ಆರು ನಾಝಲ್‌ಗಳನ್ನೂ ಟೆಸ್ಟರಿನ ಮೇಲೆ ಪ್ರೆಶರ್, ಸ್ಪ್ರೇ ನೋಡಿಸಿ. ಪಂಪಿನ ಟೈಮಿಂಗ್ ನೋಡಿಸಿ. ಇದೆಲ್ಲ ಮುಂದೆ ಏನು ಮಾಡಿದರೂ ಹೇಗೂ ಬೇಕಾಗುವ ಖರ್ಚು.

ಈಗ ಆಯಿಲ್. 600 ಲೀಟರ್ ಡೀಸೆಲ್ಲಿಗೆ 7 ಲೀಟರ್ ಅಂದರೆ ನೂರಕ್ಕೆ 1.2ರ ಹತ್ತಿರ. ಹಳೇ ಡೀಸೆಲ್ ಎಂಜಿನ್ನುಗಳಿಗೆ ನೂರಕ್ಕೆ ಒಂದು ದಾಟಿದರೆ ಒಳಗಿನ ಕೆಲಸ ಬಂತು ಎಂಬುದು ಗ್ಯಾರೇಜಿನ ಅಂದಾಜು. ಆದರೆ ಆ ಆಯಿಲ್ ಹೊಗೆಯಾಗಿಯೇ ಹೋಗುತ್ತಿದೆಯೇ ನೋಡಿ. ಹಿಂದಿನ ಕ್ರ್ಯಾಂಕ್ ಸೀಲ್ ಸೋರಿ ಕ್ಲಚ್ ಹೌಸಿಂಗ್ ಕೆಳಗೆ ತೊಟ್ಟಿಕ್ಕುತ್ತಿರಬಹುದು. ಎಷ್ಟೋ ಜನ ನೋಡದೇ ಬಿಡುವ ಇನ್ನೊಂದು ಜಾಗ ಬ್ರೇಕಿನ ಏರ್ ಕಂಪ್ರೆಸರ್. ಅದರ ರಿಂಗ್ ಸವೆದರೆ ಎಂಜಿನ್ ಆಯಿಲ್ ಗಾಳಿಯ ಜೊತೆ ಏರ್ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿನ ಡ್ರೈನ್ ಬಿಚ್ಚಿ ಕೆಳಗೊಂದು ತಟ್ಟೆ ಹಿಡಿಯಿರಿ. ನೀರಿನ ಬದಲು ಕರಿ ಜಿಡ್ಡು ಸುರಿದರೆ ನಿಮ್ಮ ಆಯಿಲ್ ಕಳ್ಳ ಕಂಪ್ರೆಸರೇ, ಬೋರ್ ಅಲ್ಲ.

ಅಲ್ಲೂ ಸಿಗದಿದ್ದರೆ ಕಂಪ್ರೆಶನ್ ನೋಡಿಸಿ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಆರೂ ನಾಝಲ್ ಬಿಚ್ಚಿರಬೇಕು. ಒಂದೇ ನಾಝಲ್ ಬಿಚ್ಚಿ ನೋಡಿದರೆ ಕ್ರ್ಯಾಂಕ್ ನಿಧಾನ ತಿರುಗಿ ಅಂಕಿ ಸುಳ್ಳು ಹೇಳುತ್ತದೆ. ಈ ಜಾತಿಯ ಎಂಜಿನ್ನಿನಲ್ಲಿ 24 ಬಾರ್ ಆಸುಪಾಸು, ಅಂದರೆ 350 ಪಿಎಸ್‌ಐ, ಬಂದರೆ ಆರೋಗ್ಯ. 20ರ ಕೆಳಗೆ ಇಳಿದರೆ, ಇಲ್ಲವೇ ಸಿಲಿಂಡರುಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಚ್ಚಬೇಕು. ಕಡಿಮೆ ಬಂದ ಸಿಲಿಂಡರಿನ ಪಿಸ್ಟನ್ ಮೇಲೆ ತಂದು ನಾಝಲ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿ, ಕಿವಿಗೊಟ್ಟು ಕೇಳಿ. ಗಾಳಿ ತಳ್ಳಿದಾಗ ಕ್ರ್ಯಾಂಕ್ ತಿರುಗದಂತೆ ಲಾರಿ ಗೇರಿನಲ್ಲಿ, ಹ್ಯಾಂಡ್ ಬ್ರೇಕಿನಲ್ಲಿ ಇರಲಿ, ಫ್ಯಾನಿನ ಹತ್ತಿರ ಯಾರೂ ನಿಲ್ಲಬಾರದು. ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಯಾದರೆ ಇನ್‌ಲೆಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆಯಾದರೆ ಗ್ಯಾಸ್ಕೆಟ್ ಅಥವಾ ಬಿರುಕು, ಆಯಿಲ್ ಹಾಕುವ ಬಾಯಿಯಲ್ಲಾದರೆ ಪಿಸ್ಟನ್ನಿನ ರಿಂಗ್ ಮತ್ತು ಲೈನರ್ (ಬ್ಲಾಕಿನೊಳಗೆ ಕೂರಿಸುವ, ಬೋರಿನ ಗೋಡೆಯಾಗುವ ಕೊಳವೆ). ಮೊದಲ ಮೂರಕ್ಕೆ ಸಾಮಾನ್ಯವಾಗಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿದರೆ ಸಾಕು. ನಾಲ್ಕನೆಯದು ಬಂದರೆ ಮಾತ್ರ ಬೋರಿನ ಮಾತು.

ಬಿಚ್ಚಿದ ಮೇಲೆ ತೀರ್ಮಾನ ಮಾಡಬೇಕಾದದ್ದು ಸವೆತ ಅಳೆಯುವ ಡಯಲ್ ಗೇಜು. 697 ಎಂಜಿನ್ನಿನ ಬೋರ್, ಅಂದರೆ ಒಳವ್ಯಾಸ, 97 ಮಿ.ಮೀ., ಪಿಸ್ಟನ್ ಓಡುವ ಉದ್ದ (ಸ್ಟ್ರೋಕ್) 128. ಪ್ರತಿ ಲೈನರನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿಯೊಂದು ಕಡೆ ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ಸವೆತ ಅತಿ ಹೆಚ್ಚು ಇರುವುದು ಟಾಪ್ ರಿಂಗ್ ಮೇಲೆ ಹೋಗಿ ಹಿಂದಿರುಗುವ ಜಾಗದಲ್ಲಿ. ಅಲ್ಲಿ ಉಗುರು ಆಡಿಸಿದರೆ ಮೆಟ್ಟಿಲು ಸಿಗುತ್ತದೆ. "ಲೈನರ್ ಚೆನ್ನಾಗಿದೆ, ರಿಂಗ್ ಸೆಟ್ ಮಾತ್ರ ಹಾಕೋಣ" ಎಂಬ ಮಾತಿಗೆ ಮೋಸಹೋಗುವುದು ಇಲ್ಲೇ. ಬೋರ್ 0.25 ಮಿ.ಮೀ. ಸವೆದಿದ್ದರೆ ಸುತ್ತಳತೆ 0.78 ಮಿ.ಮೀ. ಹೆಚ್ಚುತ್ತದೆ. ಹೊಸ ರಿಂಗಿನ ಎರಡು ತುದಿಗಳ ನಡುವಿನ ಬಾಯಿ ಅರ್ಧ ಮಿ.ಮೀ. ಒಳಗಿರಬೇಕಾದದ್ದು ಒಂದೂಕಾಲು ಮಿ.ಮೀ. ಆಗಿ ನಿಲ್ಲುತ್ತದೆ. ಮೇಲೆ ಅಗಲ, ಕೆಳಗೆ ಕಿರಿದಾದ ಲೈನರಿನಲ್ಲಿ ರಿಂಗ್ ಪ್ರತಿ ಸ್ಟ್ರೋಕಿಗೂ ತೆರೆದು ಮುಚ್ಚಿ ಬಳಲಿ ಮುರಿಯುತ್ತದೆ. ಅಷ್ಟು ಸವೆದ ಕಡೆ ಪಿಸ್ಟನ್, ರಿಂಗ್, ಪಿನ್, ಲೈನರ್ ಸೇರಿದ ಪೂರ್ತಿ ಕಿಟ್ಟೇ ಬೇಕು.

ಆದರೆ ಕಟ್ಟಿಸಬೇಕೋ ಬದಲಿಸಬೇಕೋ ಎಂಬುದು ಲೈನರಿನಿಂದ ತೀರ್ಮಾನವಾಗುವುದಿಲ್ಲ. ಲೈನರ್ ಬದಲಿಸುವ ವಸ್ತು. ತೀರ್ಮಾನ ಎಂಜಿನ್ನಿನ ಒಡಲಾದ ಬ್ಲಾಕಿನದು, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನದು. ಬ್ಲಾಕಿನಲ್ಲಿ ಬಿರುಕಿಲ್ಲ, ಮೇನ್ ಬೇರಿಂಗ್ ಕೂರುವ ಸುರಂಗ ಸೊಟ್ಟಗಾಗಿಲ್ಲ, ಬೇರಿಂಗ್ ತಿರುಗಿ ಸೀಟು ತಿಂದಿಲ್ಲ, ಕ್ರ್ಯಾಂಕನ್ನು ಇನ್ನೊಮ್ಮೆ ಗ್ರೈಂಡ್ ಮಾಡಲು ಸೈಜ್ ಬಾಕಿ ಇದೆ ಎಂದಾದರೆ ಕಟ್ಟಿಸಿ. ಇವುಗಳಲ್ಲಿ ಒಂದು ಕೈಕೊಟ್ಟರೂ ಬೇರೆ ಎಂಜಿನ್ ನೋಡಿ. ಇದು ನಮ್ಮ ಖಚಿತ ಅಭಿಪ್ರಾಯ.

ಇನ್ನು 50 ಸಾವಿರದ ವ್ಯತ್ಯಾಸ. 1.10 ಲಕ್ಷದ ಎಂಜಿನ್ನಿಗೆ ಪಂಪ್ ಮತ್ತು ನಾಝಲ್ ಕ್ಯಾಲಿಬ್ರೇಶನ್, ಕ್ಲಚ್ ಪ್ಲೇಟ್, ಮೌಂಟಿಂಗ್ ರಬ್ಬರ್, ಹೋಸು, ಆಯಿಲ್, ಆರ್‌ಸಿ ತಿದ್ದುಪಡಿ ಸೇರಿಸಿ. ವ್ಯತ್ಯಾಸ ಅರ್ಧಕ್ಕೆ ಇಳಿಯುತ್ತದೆ. ಆಮೇಲೂ ಆ ಎಂಜಿನ್ನಿನ ಒಳಗೆ ಏನಿದೆ ಎಂದು ಯಾರೂ ಅಳೆದಿರುವುದಿಲ್ಲ. ವರ್ಷದೊಳಗೆ ಅದೂ ಬೋರಿಗೆ ಬಂದರೆ ಎರಡೂ ಖರ್ಚು ನಿಮ್ಮದೇ. ಹಾಗೆಂದು 1.60 ಲಕ್ಷದವರನ್ನೂ ಪ್ರಶ್ನೆ ಕೇಳದೆ ಬಿಡಬೇಡಿ. ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ಡಿನ ವಾಲ್ವ್ ಗೈಡ್ ಮತ್ತು ಸೀಟ್, ಕನೆಕ್ಟಿಂಗ್ ರಾಡ್ ಬುಷ್, ಆಯಿಲ್ ಪಂಪ್, ವಾಟರ್ ಪಂಪ್ ಅದರಲ್ಲಿ ಸೇರಿವೆಯೇ? ಬಾಯಲ್ಲಿ ಬೇಡ, ಚೀಟಿಯಲ್ಲಿ ಬರೆಸಿಕೊಳ್ಳಿ.

ಎಂಜಿನ್ನಿಗೆ ಹಣ ಹಾಕುವ ಮೊದಲು ಚಾಸಿಯ ಕೆಳಗೆ ಮಲಗಿ ನೋಡಿ. ಕ್ರಾಸ್ ಮೆಂಬರಿನ ರಿವೆಟ್ ಸುತ್ತ ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಎರಡೂ ಲೆಕ್ಕ ಬಿಟ್ಟುಬಿಡಿ. ನೋಂದಣಿಯಾಗಿ ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು, ಹದಿನೈದು ವರ್ಷ ದಾಟಿದವಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕವೂ ಜೋರಾಗಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲಸ ಮಾಡಿಸುವುದಾದರೆ ಮಳೆಗಾಲದಲ್ಲಿ ಮಾಡಿಸಿ. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕೊಯ್ಲು. ಆಗ ಲಾರಿ ಶೆಡ್ಡಿನಲ್ಲಿ ನಿಂತರೆ ಬಾಡಿಗೆ ನಷ್ಟವೇ ಕೆಲಸದ ಖರ್ಚನ್ನು ಮೀರುತ್ತದೆ.

ಪ್ರಶ್ನೆ: ಟಾಟಾ 407ರ ಹೆಡ್ ಗ್ಯಾಸ್ಕೆಟ್ ಆರು ತಿಂಗಳಲ್ಲಿ ಎರಡು ಸಲ ಹೋಯಿತು. ಹೆಡ್ ಫೇಸಿಂಗ್ ಆಗಿದೆ. ಎಂಜಿನ್ ಬದಲಿಸಿಬಿಡಿ ಅನ್ನುತ್ತಿದ್ದಾರೆ.
– ಆಲ್ದೂರಿನ ಓದುಗರು

ಉತ್ತರ: ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ಹೋದದ್ದಕ್ಕೆ ಎಂಜಿನ್ ಬದಲಿಸುವುದು ಅತಿಯಾಯಿತು. ಗ್ಯಾಸ್ಕೆಟ್ ಎರಡನೇ ಸಲ ಹೋದರೆ ತಪ್ಪು ಗ್ಯಾಸ್ಕೆಟ್ಟಿನಲ್ಲಿ ಇರುವುದು ಅಪರೂಪ.

ಹೆಡ್ ಫೇಸಿಂಗ್, ಅಂದರೆ ಅದರ ಮುಖ ಸಮ ಮಾಡಿಸಿದ್ದೀರಿ, ಬ್ಲಾಕಿನ ಮುಖ ನೋಡಿದ್ದೀರಾ? ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ. 0.10 ಮಿ.ಮೀ. ಎಲೆ ನುಗ್ಗಿದರೆ ಬ್ಲಾಕಿಗೂ ಫೇಸಿಂಗ್ ಬೇಕು. ಲೈನರಿನ ತಲೆ ಒಂದು ಸಿಲಿಂಡರಿನಲ್ಲಿ ಎತ್ತರ, ಪಕ್ಕದ್ದರಲ್ಲಿ ತಗ್ಗು ಇದ್ದರೆ ತಗ್ಗಿನ ಕಡೆ ಗ್ಯಾಸ್ಕೆಟ್ ಒತ್ತಿ ಕೂರುವುದಿಲ್ಲ. ಹೆಡ್ಡನ್ನು ಪ್ರೆಶರ್ ಟೆಸ್ಟ್ ಮಾಡಿಸಿ. ಎರಡು ವಾಲ್ವ್ ಸೀಟುಗಳ ನಡುವಿನ ಸಣ್ಣ ಬಿರುಕು ತಣ್ಣಗಿದ್ದಾಗ ಕಾಣುವುದೇ ಇಲ್ಲ. ಪದೇ ಪದೇ ಫೇಸಿಂಗ್ ಆದ ಹೆಡ್ಡಿನಲ್ಲಿ ವಾಲ್ವ್ ಮತ್ತು ನಾಝಲ್ ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಕೈಪುಸ್ತಕದಲ್ಲಿರುವ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗಿದ್ದರೆ ಬೇರೆ ಹೆಡ್ ಹಾಕಿ.

ಇನ್ನೊಂದು, ಬೋಲ್ಟ್ ತೂತುಗಳು. ತುದಿ ಮುಚ್ಚಿರುವ ತೂತಿನಲ್ಲಿ ನೀರೋ ಆಯಿಲ್ಲೋ ನಿಂತಿದ್ದರೆ ಬೋಲ್ಟ್ ಅದರ ಮೇಲೆ ಕೂತು ಟಾರ್ಕ್ ಬಂದಂತೆ ತೋರಿಸುತ್ತದೆ, ಹೆಡ್ ಮಾತ್ರ ಒತ್ತಿರುವುದಿಲ್ಲ. ಕೆಲವೊಮ್ಮೆ ಬ್ಲಾಕೇ ಬಿರಿಯುತ್ತದೆ. ಗಾಳಿ ಹೊಡೆದು ಒಣಗಿಸಿ, ಟ್ಯಾಪ್ ಹಾಯಿಸಿ, ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಟಾರ್ಕ್ ವ್ರೆಂಚಿನಿಂದಲೇ ಬಿಗಿಸಬೇಕು. ಪೈಪ್ ಹಾಕಿ ಕೈಯಂದಾಜಿನಲ್ಲಿ ಎಳೆದರೆ ಆಗುವುದಿಲ್ಲ. ಹಳೆಯ ಬೋಲ್ಟುಗಳನ್ನು ಸಾಲಾಗಿ ನಿಲ್ಲಿಸಿ ನೋಡಿ, ಉದ್ದ ಬಂದವನ್ನು ಎಸೆಯಿರಿ.

ಬಿಸಿ ಎಲ್ಲಿಂದ ಬಂತು ಎಂದು ಹುಡುಕದಿದ್ದರೆ ಮೂರನೇ ಗ್ಯಾಸ್ಕೆಟ್ಟೂ ಹೋಗುತ್ತದೆ. ಎಸ್ಟೇಟ್ ರಸ್ತೆಯಲ್ಲಿ ಒಂದನೇ ಎರಡನೇ ಗೇರಿನಲ್ಲೇ ಓಡುವ ಗಾಡಿಗೆ ಎದುರುಗಾಳಿ ಇರುವುದಿಲ್ಲ, ಪೂರ್ತಿ ಭಾರ ಫ್ಯಾನು ಮತ್ತು ರೇಡಿಯೇಟರಿನ ಮೇಲೆ. ಕೆಸರು, ಹುಲ್ಲಿನ ಕಸ ಸೇರಿ ಹೊರಗಿನ ಫಿನ್ ಮುಚ್ಚಿರುತ್ತದೆ, ಒಳಗೆ ಬಾವಿ ನೀರಿನ ಗಸಿ. ಥರ್ಮೋಸ್ಟಾಟ್ ತೆಗೆದು ಬಿಸಾಡಿದ್ದರೆ ವಾಪಸ್ ಹಾಕಿಸಿ. ನಮ್ಮ ಕಡೆಯ ಅರ್ಧ ಗ್ಯಾರೇಜುಗಳಿಗೆ ಅದೊಂದು ಚಟ. ಕೆಲವು ಎಂಜಿನ್ನುಗಳಲ್ಲಿ ಅದಿಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚುವುದಿಲ್ಲ, ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಬೈಪಾಸ್ ತೊಂದರೆ ಇಲ್ಲದ ಎಂಜಿನ್ನಿನಲ್ಲೂ ಚಳಿಯ ಬೆಳಗ್ಗೆ ಎಂಜಿನ್ ಬಿಸಿಯೇರದೆ ಲೈನರ್ ಬೇಗ ಸವೆಯುತ್ತದೆ.

ಪ್ರಶ್ನೆ: ಬ್ಲಾಕ್ ಒಡೆದಿದೆ, ಸೆಕೆಂಡ್ ಹ್ಯಾಂಡ್ ಎಂಜಿನ್ ತರಲೇಬೇಕು. ಗುಜರಿಯಲ್ಲಿ ಏನು ನೋಡಬೇಕು? ಆರ್‌ಟಿಒದಲ್ಲಿ ಏನು ಮಾಡಿಸಬೇಕು?
– ಹಾಸನದ ಓದುಗರು

ಉತ್ತರ: ಹೋಗುವಾಗ ಹಳೇ ಎಂಜಿನ್ನಿನ ಫೋಟೊ ನಾಲ್ಕೂ ದಿಕ್ಕಿನಿಂದ ತೆಗೆದುಕೊಂಡು ಹೋಗಿ. ಬ್ಲಾಕ್ ಒಂದೇ ಆದರೂ ಆಯಿಲ್ ನಿಲ್ಲುವ ಸಂಪಿನ ಗುಂಡಿ ಒಂದಕ್ಕೆ ಮುಂದೆ, ಇನ್ನೊಂದಕ್ಕೆ ಹಿಂದೆ ಇರುತ್ತದೆ. ಹೊಂದದ್ದು ತಂದರೆ ಆಕ್ಸಲ್ಲಿಗೆ ತಾಗುತ್ತದೆ. ಬೆಲ್ ಹೌಸಿಂಗ್ ತೂತು, ಫ್ಲೈವೀಲ್ ರಿಂಗಿನ ಹಲ್ಲು, ಸ್ಟಾರ್ಟರ್ 12 ವೋಲ್ಟೋ 24 ವೋಲ್ಟೋ, ಪಂಪು ಇನ್‌ಲೈನೋ ರೋಟರಿಯೋ, ಎಲ್ಲ ಹೊಂದಿಸಿ ನೋಡಿ. ಹಾಫ್ ಎಂಜಿನ್ ಎಂದರೆ ಹೆಡ್, ಪಂಪು, ಮ್ಯಾನಿಫೋಲ್ಡ್ ಇಲ್ಲದ್ದು. ರೇಟು ಕೇಳುವಾಗಲೇ ಇದನ್ನು ಸ್ಪಷ್ಟ ಮಾಡಿಕೊಳ್ಳಿ.

ಸ್ಟಾರ್ಟ್ ಮಾಡಿ ತೋರಿಸುತ್ತಾರೆ ಎಂದರೆ ಮೊದಲು ಬ್ಲಾಕ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆ. ಸವೆದ ಡೀಸೆಲ್ ಎಂಜಿನ್ ತನ್ನ ಬಣ್ಣ ತೋರಿಸುವುದು ತಣ್ಣಗಿದ್ದಾಗ ಮಾತ್ರ. ಸ್ಟಾರ್ಟ್ ಆದ ಮೇಲೆ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ಹಿಡಿಯಿರಿ. ಸಣ್ಣ ಉಸಿರು ಸಹಜ, ಮುಚ್ಚಳ ಕುಣಿಯುವಂತಿದ್ದರೆ ಬ್ಲೋ ಬೈ, ಅಂದರೆ ರಿಂಗ್ ದಾಟಿ ಗಾಳಿ ಕೆಳಗೆ ನುಗ್ಗುತ್ತಿದೆ. ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಒಂದು ಬಾರ್‌ಗಿಂತ ಕೆಳಗೆ ಬರಬಾರದು. ಡ್ರೈನ್ ಪ್ಲಗ್ಗಿನಿಂದ ಒಂದು ಲೋಟ ಆಯಿಲ್ ಹಿಡಿದು ಬಿಸಿಲಿಗೆ ಹಿಡಿಯಿರಿ. ತಾಮ್ರದ ಬಣ್ಣದ ಮಿಂಚು ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಗಿನ ಲೋಹ ಸವೆಯುತ್ತಿದೆ, ಅಲ್ಲಿಂದ ಎದ್ದು ಬನ್ನಿ. ಸಾಧ್ಯವಿದ್ದರೆ ಸಂಪ್ ಇಳಿಸಿ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚಿ ನೋಡುವ ಷರತ್ತು ಹಾಕಿ. ಬೇರಿಂಗಿನ ಬೆನ್ನಿನ ಮೇಲೆ, ಕ್ರ್ಯಾಂಕ್ ಎಷ್ಟು ಗ್ರೈಂಡ್ ಆಗಿದೆ ಎಂದು ತಿಳಿಸುವ ಅಂಡರ್‌ಸೈಜ್ ಅಂಕಿ ಇರುತ್ತದೆ.

ಕಾಗದದಲ್ಲಿ ಸಡಿಲ ಬಿಡಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಮೊದಲೇ ಆರ್‌ಟಿಒ ಒಪ್ಪಿಗೆ ಪಡೆಯುವುದು ನೇರ ದಾರಿ. ಒಪ್ಪಿಗೆ ಇಲ್ಲದೆ ಬದಲಿಸಿದ್ದರೂ 14 ದಿನದೊಳಗೆ ತಿಳಿಸಿ ಆರ್‌ಸಿ ಸಲ್ಲಿಸಲೇಬೇಕು. ಹಾಸನದವರಿಗೆ ಕೆಎ 13, ಸಕಲೇಶಪುರದವರಿಗೆ ಕೆಎ 46, ಚಿಕ್ಕಮಗಳೂರಿಗೆ ಕೆಎ 18, ತರೀಕೆರೆಗೆ ಕೆಎ 66 ಕಚೇರಿ. ಎಂಜಿನ್ ನಂಬರ್ ಬರೆದ ಜಿಎಸ್‌ಟಿ ಬಿಲ್, ಅದು ಯಾವ ಗಾಡಿಯಿಂದ ಬಂತೋ ಅದರ ಆರ್‌ಸಿ ನಕಲು ಅಥವಾ ರದ್ದತಿ ಪತ್ರ ತೆಗೆದುಕೊಳ್ಳಿ. ನಂಬರ್ ಪಟ್ಟಿಯ ಮೇಲೆ ಗ್ರೈಂಡರ್ ಗುರುತು, ಹೊಸ ಪೇಂಟ್ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ, ಕಳ್ಳಮಾಲಾದರೆ ನೀವೇ ಸಿಕ್ಕಿಬೀಳುವುದು. ಲಾರಿ ಸಾಲದಲ್ಲಿದ್ದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ಬೇಕು. ವಿಮೆಯವರಿಗೂ ಹೊಸ ನಂಬರ್ ತಿಳಿಸಿ ಪಾಲಿಸಿಯಲ್ಲಿ ಬರೆಸಿ.

ಹೊಸ ಮಾದರಿಗೆ ಹಳೇ ಹೊಗೆ ಮಾನದಂಡದ (ಬಿಎಸ್) ಎಂಜಿನ್ ಕೂರಿಸುವ ಆಲೋಚನೆ ಬೇಡ. ದೇಶದಾದ್ಯಂತ ಬಿಎಸ್ 4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್ 6 2020ರ ಏಪ್ರಿಲ್‌ನಲ್ಲಿ. ಗಾಡಿಯ ನೋಂದಣಿಗೆ ಹೊಂದದ ಎಂಜಿನ್ ಎಫ್‌ಸಿಯಲ್ಲಿ ನಿಲ್ಲುತ್ತದೆ. ಟಾಟಾ ಗಾಡಿಯಾದರೆ ಕಂಪನಿಯ ಪ್ರೊಲೈಫ್ ಯೋಜನೆಯಲ್ಲಿ ಹಳೆಯದು ಕೊಟ್ಟು ರೀಕಂಡಿಶನ್ ಎಂಜಿನ್ ಪಡೆಯುವ ದಾರಿಯೂ ಇದೆ. ನಿಮ್ಮ ಮಾದರಿಗೆ ಸಿಗುತ್ತದೆಯೇ, ಒಡೆದ ಬ್ಲಾಕನ್ನು ಬದಲಿಗೆ ತೆಗೆದುಕೊಳ್ಳುತ್ತಾರೆಯೇ ಎಂದು ಡೀಲರನ್ನು ಮೊದಲೇ ಕೇಳಿ.

ಪ್ರಶ್ನೆ: ಟರ್ಬೊ ಇಲ್ಲದ 697 ತೆಗೆದು ಟರ್ಬೊ ಇರುವ 697 ಕೂರಿಸಿದರೆ ಚಾರ್ಮಾಡಿಯಲ್ಲಿ ಸುಲಭವಾಗುವುದಿಲ್ಲವೇ?
– ಮೂಡಿಗೆರೆಯ ಓದುಗರು

ಉತ್ತರ: ಎಳೆಯುತ್ತದೆ, ಸಂಶಯವಿಲ್ಲ. ಆಮೇಲೆ ಕ್ಲಚ್ ಸುಡುತ್ತದೆ, ರೇಡಿಯೇಟರ್ ಸಾಲದೆ ಬರುತ್ತದೆ, ಗೇರ್ ಬಾಕ್ಸೂ ಹಿಂದಿನ ಆಕ್ಸಲ್ಲಿನ ಕ್ರೌನೂ ಹಳೇ ಟಾರ್ಕಿಗೆ ಕಟ್ಟಿದವು. ಇಳಿಜಾರಿನಲ್ಲಿ ಹಳೇ ಬ್ರೇಕೇ ಹಿಡಿಯಬೇಕು, ಜಾಸ್ತಿ ಲೋಡು ಹಾಕುವ ಆಸೆ ಬೇರೆ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ಹೊಂದುವುದಿಲ್ಲವಾದ್ದರಿಂದ ಆರ್‌ಟಿಒದಲ್ಲಿ ಹಾದುಹೋಗುವುದೂ ಇಲ್ಲ. ಹಳೇ ಎಂಜಿನ್ನಿಗೇ ಟರ್ಬೊ ಕಿಟ್ ಜೋಡಿಸುವುದಂತೂ ಇನ್ನೂ ಕೆಟ್ಟದ್ದು. ಪಿಸ್ಟನ್, ಗ್ಯಾಸ್ಕೆಟ್ ಯಾವುದೂ ಆ ಒತ್ತಡಕ್ಕೆ ಮಾಡಿದ್ದಲ್ಲ.

ಪ್ರಶ್ನೆ: ಕ್ರ್ಯಾಂಕ್ ಒಮ್ಮೆ 0.50ಗೆ ಗ್ರೈಂಡ್ ಆಗಿದೆ. ಮತ್ತೆ ಮಾಡಿಸಬಹುದೇ?
– ಬೇಲೂರಿನ ಓದುಗರು

ಉತ್ತರ: ಬೇರಿಂಗ್ ಸಾಮಾನ್ಯವಾಗಿ 0.25, 0.50, 0.75, 1.00 ಅಂಡರ್‌ಸೈಜಿನಲ್ಲಿ ಸಿಗುತ್ತದೆ. ನಿಮ್ಮದಕ್ಕೆ 0.75 ಬೇರಿಂಗ್ ಕೈಗೆ ಬಂದ ಮೇಲೆ ಲೇತಿಗೆ ಕೊಡಿ, ಮೊದಲೇ ಅಲ್ಲ. ಗ್ರೈಂಡಿಂಗಿಗೆ ಮೊದಲು ಬಿರುಕಿನ ಪರೀಕ್ಷೆ ಮಾಡಿಸಿ. ಜರ್ನಲ್ ಪಕ್ಕದ ಗೋಡೆಗೆ ಸೇರುವ ಮೂಲೆಯಲ್ಲಿ ಒಂದು ದುಂಡನೆ ತಿರುವು ಇರುತ್ತದೆ. ಗ್ರೈಂಡಿಂಗ್ ಕಲ್ಲಿನ ಅಂಚನ್ನು ಡ್ರೆಸ್ ಮಾಡದೆ ಕೆಲಸ ಮಾಡಿದರೆ ಅದು ಚೂಪು ಮೂಲೆಯಾಗುತ್ತದೆ, ಕ್ರ್ಯಾಂಕ್ ತುಂಡಾಗುವುದು ಅಲ್ಲೇ. ಬಂದ ಕೂಡಲೇ ಬೆರಳಿನಿಂದ ಸವರಿ ನೋಡಿ. ಮೇಲ್ಮೈ ಗಟ್ಟಿ ಮಾಡಿದ ಕ್ರ್ಯಾಂಕ್ ಆಗಿದ್ದರೆ ಎರಡು ಸಲದ ಗ್ರೈಂಡಿಂಗಿನಲ್ಲಿ ಆ ಗಟ್ಟಿ ಪದರ ಹೋಗಿರಬಹುದು, ಲೇತಿನವರಿಗೆ ಹೇಳಿ ಗಡಸುತನ ನೋಡಿಸಿ. ಆಯಿಲ್ ದಾರಿಯ ಪ್ಲಗ್ ಬಿಚ್ಚಿ ಬ್ರಷ್ ಹಾಯಿಸದೆ ಕೂರಿಸಿದರೆ ಒಳಗೆ ಉಳಿದ ಕಲ್ಲಿನ ಪುಡಿ ಹೊಸ ಬೇರಿಂಗನ್ನು ಮೊದಲ ವಾರದಲ್ಲೇ ತಿಂದುಹಾಕುತ್ತದೆ.

ಪ್ರಶ್ನೆ: ಆಯಿಲ್ ಕಡಿಮೆಯಾಗುವ ಬದಲು ಡಿಪ್ ಸ್ಟಿಕ್ಕಿನಲ್ಲಿ ಏರುತ್ತಿದೆ. ಎಂಜಿನ್ ಬಿಚ್ಚಬೇಕೇ?
– ಅರಸೀಕೆರೆಯ ಓದುಗರು

ಉತ್ತರ: ಇವತ್ತೇ ಓಡಿಸುವುದನ್ನು ನಿಲ್ಲಿಸಿ. ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ ಸೀಲ್, ಇನ್‌ಲೈನ್ ಪಂಪಿನ ಒಳಸೋರಿಕೆ ಅಥವಾ ತೊಟ್ಟಿಕ್ಕುವ ನಾಝಲ್. ಬಿಸಿ ತಗಡಿನ ಮೇಲೆ ಒಂದು ಹನಿ ಬಿಟ್ಟಾಗ ಚಟಪಟ ಎಂದರೆ ನೀರು. ಅದಾದರೆ ಗ್ಯಾಸ್ಕೆಟ್, ಆಯಿಲ್ ಕೂಲರ್, ಹೆಡ್ಡಿನ ಬಿರುಕು ಈ ಕ್ರಮದಲ್ಲಿ ನೋಡಿ. ಎರಡರಲ್ಲಿ ಯಾವುದೇ ಆದರೂ, ಬೇರಿಂಗಿಗೆ ಆಯಿಲ್ ಪದರ ಸಿಗುವುದಿಲ್ಲ. ಮಟ್ಟ ತೀರಾ ಏರಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು, ಚಾವಿ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ.

ಪ್ರಶ್ನೆ: ಎಂಜಿನ್ ಕಟ್ಟಿಸುತ್ತಿದ್ದೇವೆ. ಮೊದಲ ಸಾವಿರ ಕಿ.ಮೀ. ಹೇಗೆ ಓಡಿಸಬೇಕು?
– ಕಡೂರಿನ ಓದುಗರು

ಉತ್ತರ: ಜೋಡಿಸುವ ಮೊದಲೇ ಒಂದು ಕೆಲಸ ನೋಡಿಕೊಳ್ಳಿ. ಹೋನಿಂಗ್ ಆದ, ಅಂದರೆ ಕಲ್ಲಿನಿಂದ ಉಜ್ಜಿದ, ಬೋರನ್ನು ಡೀಸೆಲ್ಲಿನಲ್ಲಿ ತೊಳೆದರೆ ಪುಡಿ ಪೂರ್ತಿ ಹೋಗುವುದಿಲ್ಲ. ಬಿಸಿ ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೂದು ಬಣ್ಣ ತಿರುಗುತ್ತಿದ್ದರೆ ಇನ್ನೊಮ್ಮೆ. ಕೂಡಲೇ ಆಯಿಲ್ ಸವರಿ, ಮಲೆನಾಡಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ.

ಮೊದಲ ಸ್ಟಾರ್ಟಿಗೆ ಮುನ್ನ ಡೀಸೆಲ್ ಕಟ್ ಮಾಡಿ ಆಯಿಲ್ ಪ್ರೆಶರ್ ಬರುವ ತನಕ ಸ್ಟಾರ್ಟರಿನಿಂದ ತಿರುಗಿಸಿ, ಒಂದೇ ಸಮ ಬೇಡ, ಬಿಟ್ಟು ಬಿಟ್ಟು. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲಿಂಗ್ ಬಿಡುವ ಹಳೇ ರೂಢಿ ತಪ್ಪು. ರಿಂಗ್ ಕೂರಲು ಒತ್ತಡ ಬೇಕು, ಬರೀ ಐಡಲಿಂಗ್‌ನಲ್ಲಿ ಬೋರ್ ಗಾಜಿನಂತೆ ನುಣ್ಣಗಾಗಿ ಜೀವನಪೂರ್ತಿ ಆಯಿಲ್ ತಿನ್ನುತ್ತದೆ. ಅರ್ಧ ಲೋಡಿನಲ್ಲಿ ಸಮತಟ್ಟು ರಸ್ತೆಯಲ್ಲಿ, ವೇಗ ಹೆಚ್ಚು ಕಡಿಮೆ ಮಾಡುತ್ತ ಓಡಿಸಿ. ಘಾಟಿ ಬೇಡ, ಟಾಪ್ ಗೇರಿನಲ್ಲಿ ಎಂಜಿನ್ ಒದ್ದಾಡುವಂತೆ ಎಳೆಸುವುದೂ ಬೇಡ. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಿ, ಟ್ಯಾಪೆಟ್ ನೋಡಿಸಿ. ಹೆಡ್ ಮರುಬಿಗಿ ಬೇಕೋ ಬೇಡವೋ ಎಂಬುದು ಗ್ಯಾಸ್ಕೆಟ್ಟಿನ ಜಾತಿಯ ಮೇಲೆ ನಿಂತಿದೆ, ಅದರ ಕವರಿನ ಮೇಲೆ ಬರೆದಿರುತ್ತದೆ. ಕವರು ಎಸೆಯದಂತೆ ಮೆಕ್ಯಾನಿಕ್‌ಗೆ ಹೇಳಿಡಿ.